ಅಕ್ಷತೆ ಬಿತ್ತು, ಜೋಡಿ ಫೋಟೊಕ್ಕೆ ಹೊರಟಿತು: ಕೂತ ಬೀಗರಿಗೆ ಏನು ಮಾಡೋದು?

ಪ್ರಶ್ನೆ: ನಾನು ಜಮಖಂಡಿಯವಳು. ಮೇ ಮೊದಲ ವಾರ ವಿಜಯಪುರದ ಒಂದು ಕಲ್ಯಾಣ ಮಂಟಪದಲ್ಲಿ ನನ್ನ ಮದುವೆ. ಅಕ್ಷತೆ ಮಧ್ಯಾಹ್ನ 12:35ಕ್ಕೆ. ಎರಡೂ ಕಡೆ ಸೇರಿ 700 ಜನ ಆಗಬಹುದು. ಗಂಡಿನ ಕಡೆಯವರು ಸೊಲ್ಲಾಪುರದಿಂದ ಎರಡು ಬಸ್ ಮಾಡಿಕೊಂಡು ಬರುತ್ತಾರೆ, ನಾಲ್ಕಕ್ಕೆ ವಾಪಸ್ ಹೊರಡಬೇಕು. ಫೋಟೊದವರು ಅಕ್ಷತೆ ಆದ ಕೂಡಲೇ ಇಬ್ರಾಹಿಂ ರೋಜಾ, ಬಾರಾ ಕಮಾನಕ್ಕೆ ಹೋಗಿ ಬರೋಣ, ಒಂದು ತಾಸು ಸಾಕು ಅನ್ನುತ್ತಿದ್ದಾರೆ. ಅಷ್ಟೊತ್ತು ಜನರಿಗೆ ಬೇಜಾರಾಗಬಾರದು ಅಂತ ಡಿಜೆ ಹಾಕಿಸಿ, ಬೆಂಗಳೂರಿನಿಂದ ಒಬ್ಬ ನಿರೂಪಕರನ್ನು ಕರೆಸಿ ಆಟ ಆಡಿಸೋಣ ಅಂತ ಹುಡುಗನ ಗೆಳೆಯರ ಸಲಹೆ. ನಮ್ಮಪ್ಪ ಮಾತ್ರ ಸಿಟ್ಟಾಗಿದ್ದಾರೆ. "ಬೀಗರನ್ನ ಕುಂದರಿಸಿ ನೀವು ಫೋಟೊ ತಗಸ್ಕೊಳಾಕ ಹೊಂಟ್ರ ನಾ ಮಾರಿ ಎಲ್ಲಿ ಇಟ್ಕೊಳ್ಲಿ?" ಅನ್ನುತ್ತಾರೆ. ನನಗೆ ಒಳ್ಳೆಯ ಫೋಟೊನೂ ಬೇಕು, ಅಪ್ಪನ ಮರ್ಯಾದೆನೂ ಉಳಿಯಬೇಕು. ದಾರಿ ಇದೆಯಾ?

ಉತ್ತರ: ಇದೆ ತಂಗಿ. ಆದರೆ ಡಿಜೆಗೆ ಮುಂಗಡ ಕೊಡುವ ಮೊದಲು ಒಂದು ಹಾಳೆ ತಗೊಂಡು ನನ್ನ ಜೊತೆ ಸ್ವಲ್ಪ ಲೆಕ್ಕ ಹಾಕಿ. ಬಾಗಲಕೋಟೆಯಲ್ಲಿ ಕೂತು ಮದುವೆ ಉಸ್ತುವಾರಿ ಮಾಡುತ್ತಾ ನನಗೆ 17 ವರ್ಷ ಆಯಿತು. ಅದಕ್ಕೂ ಮೊದಲು ಫೋಟೊದವರ ಹಿಂದೆ ಲೈಟು ಹಿಡಿದು ಓಡಾಡಿದವನು. ಹಾಗಾಗಿ ಉಸ್ತುವಾರಿಯವರು, ಫೋಟೊದವರು ಇಬ್ಬರ ಸುಳ್ಳೂ ನನಗೆ ಗೊತ್ತು.

ಮೊದಲನೆಯದು ಆ "ಒಂದು ತಾಸು". ಅಕ್ಷತೆ ಬಿದ್ದ ಮೇಲೆ ವೇದಿಕೆಯಿಂದ ಕಾರಿನವರೆಗೆ ಹೋಗೋಕೇ ಹದಿನೈದು ನಿಮಿಷ ಬೇಕು. ಪ್ರತಿ ಹೆಜ್ಜೆಗೂ ಒಬ್ಬರು ಅತ್ತಿ, ಒಬ್ಬರು ಕಾಕಾ ನಿಲ್ಲಿಸಿ ತಲೆ ಮೇಲೆ ಕೈ ಇಡುತ್ತಾರೆ. ಊರೊಳಗೇ ಆದರೂ ಹೋಗಿ ಬರೋದು, ಗಾಡಿ ನಿಲ್ಲಿಸೋದು, ಟಿಕೆಟ್ ತಗೊಳ್ಳೋದು ಅಂತ ಅರ್ಧ ತಾಸು. ಸೆರಗು ಸರಿ ಮಾಡಿ, ದಂಡಿ ಸರಿ ಮಾಡಿ ಫೋಟೊ ತೆಗೆಯೋಕೆ ಮುಕ್ಕಾಲು ತಾಸು. ವಾಪಸ್ ಬಂದ ಮೇಲೆ ಬೆವರಿಗೆ ಇಳಿದ ಮೇಕಪ್ ಮತ್ತೆ ಹಚ್ಚೋಕೆ ಇಪ್ಪತ್ತು ನಿಮಿಷ. ಕೂಡಿಸಿ ನೋಡಿ. ಎರಡು ತಾಸಿಗೆ ಹತ್ತು ನಿಮಿಷ ಕಡಿಮೆ. ಅಕ್ಷತೆ ಮುಗಿದು, ಅದು ಇದು ಅಂತ 1:15ಕ್ಕೆ ಹೊರಟ ಜೋಡಿ ಮತ್ತೆ ವೇದಿಕೆಗೆ ಬರೋದು 3:05ಕ್ಕೆ.

ಈಗ ಈ ಕಡೆ ಲೆಕ್ಕ. ನಿಮ್ಮ ಊಟದ ಮನೆಯಲ್ಲಿ ಒಂದು ಪಂಕ್ತಿಗೆ 200 ಜನ ಕೂರುತ್ತಾರೆ ಅಂದುಕೊಳ್ಳೋಣ. ಬಡಿಸಿ, ಉಂಡು, ಎದ್ದು, ಮೇಜು ಒರೆಸಿ ಮತ್ತೆ ಎಲೆ ಹಾಕೋಕೆ 35ರಿಂದ 40 ನಿಮಿಷ. 700 ಜನಕ್ಕೆ ನಾಲ್ಕು ಪಂಕ್ತಿ, ಅಂದರೆ ಎರಡೂವರೆ ತಾಸು. 12:50ಕ್ಕೆ ಶುರುವಾದರೆ ಮುಗಿಯೋದು ಹೆಚ್ಚುಕಡಿಮೆ 3:20ಕ್ಕೆ.

ಇನ್ನು ಉಡುಗೊರೆ ಕೊಟ್ಟು, ಹರಸಿ, ಜೋಡಿ ಜೊತೆ ನಿಂತು ಫೋಟೊ ತೆಗೆಸಿಕೊಳ್ಳುವ ಸಾಲು. 700 ಜನ ಅಂದರೆ ಸುಮಾರು 175 ಕುಟುಂಬ. ಒಂದೊಂದಕ್ಕೆ ಅರ್ಧ ನಿಮಿಷ ಅಂದರೂ ಒಂದೂವರೆ ತಾಸು. ನೀವು 3:05ಕ್ಕೆ ಬಂದರೆ ಬಸ್ ಹೊರಡೋಕೆ ಉಳಿದದ್ದು 55 ನಿಮಿಷ. ಅಂದರೆ ಸೊಲ್ಲಾಪುರದಿಂದ ನೂರು ಕಿಲೋಮೀಟರ್ ಬಿಸಿಲಲ್ಲಿ ಬಂದ ಜನರಲ್ಲಿ ಒಂದಷ್ಟು ಮಂದಿ ಸೊಸೆಯ ಮುಖ ಸರಿಯಾಗಿ ನೋಡದೇ ಬಸ್ ಹತ್ತುತ್ತಾರೆ.

ನಿಮ್ಮಪ್ಪನಿಗೆ ಈ ಲೆಕ್ಕ ಬಾಯಲ್ಲಿ ಹೇಳೋಕೆ ಬಂದಿಲ್ಲ ಅಷ್ಟೇ, ಹೊಟ್ಟೆಯಲ್ಲಿ ಗೊತ್ತಾಗಿದೆ. ನಮ್ಮ ಕಡೆ ಮದುವೆಗೆ ಬಂದವರು ಮನರಂಜನೆ ಇಲ್ಲ ಅಂತ ಸಿಟ್ಟಾಗಿದ್ದನ್ನು ನಾನು ಕಂಡಿಲ್ಲ. ಅವರಿಗೆ ಮಾತಾಡೋಕೆ ಜನ ಸಿಕ್ಕರೆ ಸಾಕು. ಸಿಟ್ಟು ಬರೋದು ಎರಡಕ್ಕೆ. ಜೋಡಿ ಯಾವಾಗ ಬರುತ್ತದೆ ಅಂತ ಯಾರೂ ಹೇಳದಿದ್ದಾಗ. ಮತ್ತೆ, ವಯಸ್ಸಾದವರಿಗೆ ನೀರು, ಕುರ್ಚಿ ಸಿಗದಿದ್ದಾಗ. ಇವೆರಡಕ್ಕೂ ಡಿಜೆ ಮದ್ದಲ್ಲ ಅಲ್ವಾ?

ಈಗ ನಿಮ್ಮ ಫೋಟೊದವರ ಮಾತಿಗೆ ಬರೋಣ. ಅಕ್ಷತೆ ಬಿದ್ದ ಗಳಿಗೆಯಲ್ಲಿ ಮುಖದ ಮೇಲೆ ಒಂದು ಕಳೆ ಇರುತ್ತದೆ, ಆಗಲೇ ತೆಗೆಯಬೇಕು ಅಂತ ಹೇಳಿರಬೇಕು. ಎಲ್ಲರೂ ಹೇಳೋದೇ ಅದು. ಕಳೆ ಇರೋದು ನಿಜ. ಆದರೆ ಮೇ ಮೊದಲ ವಾರ ವಿಜಯಪುರದಲ್ಲಿ ಮಧ್ಯಾಹ್ನ 12:25ರ ಸುಮಾರಿಗೆ ಸೂರ್ಯ ನೆಟ್ಟಗೆ ನೆತ್ತಿಯ ಮೇಲಿರುತ್ತಾನೆ. ನೆಟ್ಟ ಕಂಬದ ನೆರಳು ಅದರ ಬುಡದಲ್ಲೇ ಮುದುಡಿಕೊಂಡು ಹೆಚ್ಚುಕಡಿಮೆ ಕಾಣದಂತಾಗುವ ದಿನಗಳು ಅವು. ಆ ಬೆಳಕಲ್ಲಿ ಹಣೆ, ಮೂಗು ಬಿಳಿಚಿಕೊಂಡು ಕಣ್ಣಿನ ಗುಳಿ ಕಪ್ಪಾಗುತ್ತದೆ. ಬಾಸಿಂಗದ ನೆರಳು ಮುಖದ ಮೇಲೆ ಜಾಲರಿಯಂತೆ ಬೀಳುತ್ತದೆ. ಒಂದೂವರೆಗೂ ಕಥೆ ಅದೇ. ರೋಜಾದ ಕಟ್ಟೆ ಹತ್ತೋಕೆ ಚಪ್ಪಲಿ ಬಿಡಬೇಕು, ಆ ಹೊತ್ತಿಗೆ ಕಲ್ಲು ಹಂಚಿನಂತೆ ಕಾದಿರುತ್ತದೆ. ಕಾಲು ಸುಡುವಾಗ ನಗು ಹೇಗೆ ಬರುತ್ತದೆ ಅನ್ನೋದನ್ನು ನಾನು ಬೇಕಾದಷ್ಟು ಆಲ್ಬಮ್‌ಗಳಲ್ಲಿ ನೋಡಿದ್ದೇನೆ.

ಇನ್ನೊಂದು ವಿಷಯ. ಇಬ್ರಾಹಿಂ ರೋಜಾ, ಗೋಳಗುಮ್ಮಟ, ಬಾರಾ ಕಮಾನ್ ಎಲ್ಲವೂ ಭಾರತೀಯ ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿವೆ. ಮೊಬೈಲಲ್ಲಿ, ಕೈಯಲ್ಲಿ ಹಿಡಿದ ಕ್ಯಾಮೆರಾದಲ್ಲಿ ತೆಗೆದರೆ ಯಾರೂ ಏನೂ ಅನ್ನೋದಿಲ್ಲ. ಸ್ಟ್ಯಾಂಡ್, ಲೈಟು ಇಟ್ಟುಕೊಂಡು ವ್ಯಾಪಾರದ ಚಿತ್ರೀಕರಣ ಮಾಡೋಕೆ ಮೊದಲೇ ಅನುಮತಿ ಬೇಕು. ಡ್ರೋನ್ ಅಂತೂ ಅನುಮತಿ ಇಲ್ಲದೆ ಹಾರಿಸೋ ಹಾಗೇ ಇಲ್ಲ. "ನಮಗೆ ಗೇಟಿನವರು ಪರಿಚಯ" ಅಂತ ಫೋಟೊದವರು ಅಂದರೆ ನಂಬಬೇಡಿ, ಅನುಮತಿ ಪತ್ರ ತೋರಿಸಿ ಅನ್ನಿ. ಒಂದು ಜೋಡಿ ಬಾಸಿಂಗ ಕಟ್ಟಿಕೊಂಡು ಗೋಳಗುಮ್ಮಟದ ಗೇಟಿನಲ್ಲಿ ಮುಕ್ಕಾಲು ತಾಸು ವಾದ ಮಾಡುತ್ತಾ ನಿಂತಿದ್ದಾಗ ನಾನು ಈ ಕಡೆ ಮಂಟಪದಲ್ಲಿ ಗಂಡಿನ ಅಜ್ಜನಿಗೆ ಏನು ಹೇಳಲಿ ಅಂತ ಒದ್ದಾಡಿದ್ದೆ. 1656ರಲ್ಲಿ ಮುಗಿದ ಕಟ್ಟಡ ಅದು. ಇನ್ನೂ ನಾಲ್ಕು ದಿನ ಬಿಟ್ಟು ಹೋದರೂ ಅಲ್ಲೇ ಇರುತ್ತಿತ್ತು.

ಹಾಗಾದರೆ ಫೋಟೊ ಯಾವಾಗ? ನನಗೆ ಕಾಣೋದು ಮೂರು ದಾರಿ. ಮೂರಕ್ಕೂ ಅದರದರ ತಾಪತ್ರಯ ಇದೆ.

ಮದುವೆಯ ಹಿಂದಿನ ದಿನ ಸಂಜೆ ತೆಗೆಯಬಹುದು. ಬೆಳಕು ಚೆನ್ನಾಗಿರುತ್ತದೆ, ಮನಸ್ಸಿಗೂ ಗಡಿಬಿಡಿ ಇರೋದಿಲ್ಲ. ಆದರೆ ಅರಿಷಿಣ ಹಚ್ಚಿದ ಮೇಲೆ ಹೊರಗೆ ಹೋಗಬಾರದು ಅನ್ನುವ ಮನೆಗಳು ನಮ್ಮ ಕಡೆ ಜಾಸ್ತಿ. ಅಂತರಪಟ ಸರಿಯುವ ತನಕ ಒಬ್ಬರ ಮುಖ ಒಬ್ಬರು ನೋಡಬಾರದು ಅನ್ನುವವರೂ ಇದ್ದಾರೆ. ಆರು ತಿಂಗಳ ಹಿಂದೆ ಪ್ರಿ-ವೆಡ್ಡಿಂಗ್ ಶೂಟ್ ಆಗಿರುತ್ತದೆ, ದಿನಾ ವಿಡಿಯೋ ಕಾಲ್ ನಡೆದಿರುತ್ತದೆ, ಈಗ ಮುಖ ನೋಡಬಾರದು ಅಂದರೆ ಏನರ್ಥ ಅಂತ ನಿಮಗೆ ಅನ್ನಿಸಬಹುದು. ಅನ್ನಿಸಲಿ, ಬಾಯಿಬಿಟ್ಟು ಅನ್ನಬೇಡಿ. ಅಜ್ಜಿ ಬೇಡ ಅಂದರೆ ಈ ದಾರಿ ಅಲ್ಲಿಗೆ ಮುಗಿಯಿತು.

ಎರಡನೆಯದು ಮದುವೆಯ ದಿನವೇ ಸಂಜೆ. ನಾಲ್ಕಕ್ಕೆ ಬಸ್ಸುಗಳನ್ನು ಕಳಿಸಿ, ಐದಕ್ಕೆ ನೀವಿಬ್ಬರೂ ಬಾರಾ ಕಮಾನಿಗೆ ಹೋಗಿ. ಮೇಲೆ ಚಾವಣಿ ಇಲ್ಲದ, ಅರ್ಧಕ್ಕೆ ನಿಂತ ಕಮಾನುಗಳು ಅವು. ಓರೆ ಬಿಸಿಲು ಅದರ ನಡುವಿಂದ ಬೀಳುವಾಗ ಲೈಟೇ ಬೇಡ. ಆ ವಾರ ಸೂರ್ಯ ಮುಳುಗೋದು ಸುಮಾರು 6:50ಕ್ಕೆ, ಆದರೆ ಗೇಟು ಮುಚ್ಚುವ ಹೊತ್ತನ್ನು ಮೊದಲೇ ವಿಚಾರಿಸಿಕೊಳ್ಳಿ. ಇದರಲ್ಲಿ ತಾಪತ್ರಯ ಏನಂದರೆ ಮನಿ ತುಂಬಿಸಿಕೊಳ್ಳುವ ಶಾಸ್ತ್ರ. ಸೊಲ್ಲಾಪುರದಲ್ಲಿ ನಿಮ್ಮ ಅತ್ತೆ ಹೊಸ್ತಿಲ ಮೇಲೆ ಸೇರಕ್ಕಿ ಇಟ್ಟು, ಆರತಿ ತಟ್ಟೆ ಹಿಡಿದು ಕಾಯುತ್ತಿರುತ್ತಾರೆ. ನೀವು ಆರೂವರೆಗೆ ಇಲ್ಲಿಂದ ಹೊರಟರೆ ಅಲ್ಲಿ ಮುಟ್ಟುವಾಗ ರಾತ್ರಿ ಎಂಟೂವರೆ, ಒಂಬತ್ತು. ಇದಕ್ಕೆ ಅವರು ಒಪ್ಪಬೇಕು. ಹುಡುಗ ಕೇಳಬೇಕು, ನೀವಲ್ಲ. ಮದುವೆಗೆ ಒಂದು ವಾರ ಮೊದಲೇ ಕೇಳಬೇಕು. ಅವತ್ತು ಮಂಟಪದಲ್ಲಿ ನಿಂತು ಕೇಳಿದರೆ ಹೂಂ ಅನ್ನುತ್ತಾರೆ, ಮನಸ್ಸಲ್ಲಿ ಇಟ್ಟುಕೊಳ್ಳುತ್ತಾರೆ.

ಮೂರನೆಯದು ಮದುವೆ ಆಗಿ ನಾಲ್ಕೈದು ದಿನ ಬಿಟ್ಟು, ನೀವು ತವರಿಗೆ ಬಂದಾಗ ಅದೇ ಸೀರೆ ಉಟ್ಟು ಹೋಗೋದು. ಮೇಕಪ್ಪಿನವರಿಗೆ ಇನ್ನೊಂದು ಸಲ ದುಡ್ಡು ಕೊಡಬೇಕು, ಖರ್ಚು ಜಾಸ್ತಿ. ಆದರೆ ಬೆಳಿಗ್ಗೆ ತಂಪಲ್ಲಿ, ಯಾರೂ ಕಾಯುತ್ತಿಲ್ಲ ಅನ್ನುವ ನೆಮ್ಮದಿಯಲ್ಲಿ ತೆಗೆದ ಫೋಟೊದಲ್ಲಿ ಮುಖ ಬೇರೆಯೇ ಇರುತ್ತದೆ. ವಿಜಯಪುರವೇ ಆಗಬೇಕು ಅಂತಲೂ ಇಲ್ಲ. ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆ ಇದೆ, ಕೃಷ್ಣೆ ಮಲಪ್ರಭೆ ಕೂಡುವ ಕೂಡಲಸಂಗಮ ಇದೆ.

ನನ್ನನ್ನು ಕೇಳಿದರೆ ಎರಡನೆಯದು. ಅತ್ತೆ ಮನೆಯವರು ಒಪ್ಪದಿದ್ದರೆ ಮೂರನೆಯದು.

ಹಾಗಂತ ಮದುವೆಯ ದಿನ ಜೋಡಿ ಫೋಟೊ ಬೇಡವೇ ಬೇಡ ಅನ್ನುತ್ತಿಲ್ಲ. ಆ ಕಳೆ ಬೇಕಲ್ಲ! ಅಕ್ಷತೆ ಆಗಿ ಮೊದಲ ಪಂಕ್ತಿ ಕೂತ ಕೂಡಲೇ ಇಪ್ಪತ್ತು ನಿಮಿಷ ತಗೊಳ್ಳಿ. ಮಂಟಪದ ಪಡಸಾಲೆ, ದೊಡ್ಡ ಕಿಟಕಿಯ ಪಕ್ಕ, ಹೀಗೆ ನೇರ ಬಿಸಿಲು ಬೀಳದೆ ಬೆಳಕು ಮಾತ್ರ ಬರುವ ಜಾಗ ಸಾಕು. ಆ ಜಾಗವನ್ನು ಫೋಟೊದವರು ಹಿಂದಿನ ದಿನವೇ, ಅದೇ ಹೊತ್ತಿಗೆ ಬಂದು ನೋಡಿಕೊಂಡಿರಬೇಕು. 1:20ಕ್ಕೆ ನೀವು ವೇದಿಕೆ ಮೇಲಿರಬೇಕು. ಅದಕ್ಕೂ ಮೊದಲು ಇಬ್ಬರೂ ಒಂದು ಲೋಟ ಪಾನಕ, ಎರಡು ಬಾಳೆಹಣ್ಣಾದರೂ ಹೊಟ್ಟೆಗೆ ಹಾಕಿಕೊಳ್ಳಿ. ಮುಂಜಾನೆಯಿಂದ ಉಪವಾಸ ಇದ್ದು, ಶಾಸ್ತ್ರದ ಸುರಿಗಿ ನೀರು ಮೈಮೇಲೆ ಹಾಕಿಸಿಕೊಂಡು, ಹೋಮದ ಹೊಗೆ ಕುಡಿದು, ಬಿಸಿಲಲ್ಲಿ ನಿಂತು ತಲೆ ತಿರುಗಿ ಬಿದ್ದ ಮದುಮಗಳನ್ನು ನಾನೇ ಎತ್ತಿ ಕೂರಿಸಿದ್ದೇನೆ. ಅವತ್ತು ಫೋಟೊನೂ ಇಲ್ಲ, ಸಾಲೂ ಇಲ್ಲ.

ಕುಟುಂಬದ ಗುಂಪು ಫೋಟೊಗೆ ಪಟ್ಟಿ ಬೇಕೇ ಬೇಕು. ಒಂದು ಗುಂಪು ಕೂಡಿಸಿ ನಿಲ್ಲಿಸೋಕೆ ಮೂರು ನಿಮಿಷ ಅಂದರೆ ಇಪ್ಪತ್ತು ಗುಂಪಿಗೆ ಒಂದು ತಾಸು ಹೋಯಿತು. ತಾಯಿಕಡೆ, ತಂದೆಕಡೆ, ಬೀಗರು, ಅಣ್ಣತಮ್ಮಂದಿರು ಅಂತ ಎಂಟು ಗುಂಪಿಗೆ ನಿಲ್ಲಿಸಿ. ಅದನ್ನೂ ಅಕ್ಷತೆಗೆ ಮೊದಲೇ, ಎಲ್ಲರೂ ಒಳಗೇ ಇರುವಾಗ ಮುಗಿಸಿಬಿಡಿ. ಹೆಸರು ಹಿಡಿದು ಕೂಗೋಕೆ ಎರಡೂ ಕಡೆಯವರ ಮುಖ ಗೊತ್ತಿರುವ ಒಬ್ಬ ಸೋದರಮಾವ ಸಿಕ್ಕರೆ ಅರ್ಧ ಕೆಲಸ ಆದಂತೆ.

ಒಂದು ಮಾತು ನಡುವೆ ಹೇಳಿಬಿಡುತ್ತೇನೆ. ನಮ್ಮ ಕಡೆ ಮದುವೆಯಲ್ಲಿ ಫೋಟೊಗಿಂತ ಜಾಸ್ತಿ ವೇಳೆ ತಿನ್ನೋದು ಸತ್ಕಾರ. ರುಮಾಲು, ಶಾಲು, ಮಾಲೆ, ಮತ್ತೆ ಎರಡು ಮಾತು. ಆ ಎರಡು ಮಾತು ಇಪ್ಪತ್ತು ನಿಮಿಷ ಆಗುತ್ತದೆ. ಅಪ್ಪನಿಗೆ ಮಾನದ ಚಿಂತೆ ಅಲ್ವಾ, ಸತ್ಕಾರದ ಪಟ್ಟಿ ಅರ್ಧ ಮಾಡೋಕೆ ಅವರನ್ನೇ ಕೇಳಿ ನೋಡಿ. ಒಪ್ಪುವುದು ಕಷ್ಟ. ಆದರೂ ಕೇಳಿ.

ಇನ್ನು ಜನರು ಕೂತಿರುವ ಹೊತ್ತಿಗೆ ಏನು ಮಾಡೋದು ಅನ್ನೋದು. ಜೋಡಿ ಇಪ್ಪತ್ತೇ ನಿಮಿಷ ಹೋದರೂ ಪಂಕ್ತಿಗೆ ಕಾಯುವವರು, ಸಾಲಿಗೆ ಕಾಯುವವರು ಇದ್ದೇ ಇರುತ್ತಾರೆ.

ಡಿಜೆ ಬಗ್ಗೆ ನನಗೆ ಸಿಟ್ಟಿಲ್ಲ. ಹಿಂದಿನ ರಾತ್ರಿ ಹುಡುಗರು ಕುಣಿಯಲಿ, ಹತ್ತು ಗಂಟೆಗೆ ನಿಲ್ಲಿಸಲಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಅನ್ನುವ ನಿಯಮ 2000ದಿಂದಲೂ ಇದೆ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ಒಳಗೆ ಮಂಟಪ ಇದ್ದರೆ ಹಗಲಲ್ಲೂ ತೊಂದರೆ ಆಗಬಹುದು. ಆದರೆ ಮಧ್ಯಾಹ್ನ ಊಟದ ಹೊತ್ತಿಗೆ, ತಗಡಿನ ಚಾವಣಿ ಕೆಳಗೆ ಡಿಜೆ ಅಂದರೆ ಹತ್ತು ವರ್ಷದ ಮೇಲೆ ಸಿಕ್ಕ ಇಬ್ಬರು ಅಕ್ಕತಂಗಿಯರು ಒಬ್ಬರ ಕಿವಿಗೆ ಒಬ್ಬರು ಬಾಯಿ ಇಟ್ಟು ಕಿರುಚಬೇಕು. ಮಾತಾಡೋಕೆ ಬಂದ ಜನ ಮಾತು ಸಿಗದಿದ್ದರೆ ಎದ್ದು ಹೋಗುತ್ತಾರೆ. ಕುಡಿದು ಬಂದ ನಾಲ್ಕು ಹುಡುಗರು ವೇದಿಕೆ ಮುಂದೆ ಕುಣಿಯೋಕೆ ಶುರು ಮಾಡಿದರೆ ಜಗಳ ಎಲ್ಲಿಗೆ ಹೋಗುತ್ತದೋ ಹೇಳೋಕಾಗದು.

ಹಾಡಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ಮದುವೆಯಲ್ಲಿ ಸಿನಿಮಾ ಹಾಡು ಹಾಕೋಕೆ ಲೈಸೆನ್ಸ್ ಫೀ ಕಟ್ಟಬೇಕು ಅಂತ ಕೆಲವರು ದುಡ್ಡು ಕೇಳುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೇ ಮದುವೆ, ಮೆರವಣಿಗೆ, ಅದಕ್ಕೆ ಸಂಬಂಧಿಸಿದ ಸಮಾರಂಭಗಳಿಗೆ ವಿನಾಯಿತಿ ಇದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಮತ್ತೆ ಒಂದು ಪ್ರಕಟಣೆ ಹೊರಡಿಸಿ ಅದನ್ನೇ ಸ್ಪಷ್ಟ ಮಾಡಿತು. ಯಾರಾದರೂ ಕೇಳಿದರೆ ಇದನ್ನು ಹೇಳಿ.

ನಿರೂಪಕರ ವಿಷಯಕ್ಕೆ ಬಂದರೆ, ಹೊರಗಿನಿಂದ ಬಂದವರಿಗೆ ಯಾರ ಜೊತೆ ಚೇಷ್ಟೆ ಮಾಡಬಹುದು, ಯಾರ ಜೊತೆ ಮಾಡಬಾರದು ಅಂತ ಗೊತ್ತಿರೋದಿಲ್ಲ. ಒಂದು ಮದುವೆಯಲ್ಲಿ ಹೀಗೇ ಬಂದ ಹುಡುಗ ಧೋತರ, ರುಮಾಲು ಸುತ್ತಿದ ಅಜ್ಜನ ಕೈಗೆ ಬಲೂನು ಕೊಟ್ಟು "ಅಂಕಲ್, ಇದನ್ನು ಕೂತು ಒಡೀರಿ" ಅಂದ. ಆ ಅಜ್ಜ ಗಂಡಿನ ದೊಡ್ಡಪ್ಪ. ಬಲೂನು ಕುರ್ಚಿ ಮೇಲಿಟ್ಟು ಎದ್ದರು, ಅವರ ಹಿಂದೆ ಒಂದು ಬಸ್ಸಿನ ಜನ ಎದ್ದರು. ಉಣ್ಣದೇ ಹೋಗಬೇಡಿ ಅಂತ ಹೆಣ್ಣಿನ ತಂದೆ ಗೇಟಿನವರೆಗೆ ಕೈಮುಗಿದುಕೊಂಡು ಓಡಿದ್ದು ನನಗೆ ಈಗಲೂ ಕಣ್ಣ ಮುಂದಿದೆ.

ಅದರ ಬದಲು ಒಡಪು ಇಟ್ಟು ನೋಡಿ. ಗಂಡನ ಹೆಸರನ್ನು ಒಡಪು ಕಟ್ಟಿ ಹೇಳೋದು ನಮ್ಮ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾ? ಒಂದು ಕಾರ್ಡ್‌ಲೆಸ್ ಮೈಕು, ಅದನ್ನು ಹಿಡಿದು ಕುರ್ಚಿಗಳ ನಡುವೆ ಓಡಾಡುವ ಬಾಯಿ ಚುರುಕಿನ ಒಬ್ಬ ಚಿಗವ್ವ, ಅಷ್ಟೇ ಸಾಕು. ಹೆಣ್ಣಿನ ಕಡೆ ಒಬ್ಬರು, ಗಂಡಿನ ಕಡೆ ಒಬ್ಬರು ಅಂತ ಸವಾಲು ಹಾಕಿ. ಮುಧೋಳದ ಹತ್ತಿರದ ಒಂದು ಮದುವೆಯಲ್ಲಿ ಎಪ್ಪತ್ತು ದಾಟಿದ ಅಮ್ಮ ಒಬ್ಬರು ಕೂತಲ್ಲೇ ಕಟ್ಟಿ ಹೇಳಿದರು: "ಮುಧೋಳದ ಕಬ್ಬ ಸಿಹಿ, ಮಹಾಲಿಂಗಪುರದ ಬೆಲ್ಲ ಸಿಹಿ, ಇವರ ಹೆಸರ ಹೇಳೂದ್ರಾಗ ಎರಡಕ್ಕಿಂತ ಸಿಹಿ, ಕೇಳಾಕ ಮಾತ್ರ ಇವರಿಗೆ ಕಿವಿ ಇಲ್ಲ, ಅದಷ್ಟ ಕಹಿ!" ಪಕ್ಕದಲ್ಲಿದ್ದ ಅಜ್ಜನಿಗೆ ನಿಜಕ್ಕೂ ಕಿವಿ ಕೇಳುತ್ತಿರಲಿಲ್ಲ. ಎಲ್ಲರೂ ನಗುವುದು ಕಂಡು ಅವರೂ ನಕ್ಕರು. ಫೋಟೊ ಮುಗಿಸಿ ಜೋಡಿ ಬಂದು ಹತ್ತು ನಿಮಿಷ ಆಗಿದ್ದರೂ ಯಾರೂ ತಿರುಗಿ ನೋಡಿರಲಿಲ್ಲ. ಇದರಲ್ಲೂ ಒಂದು ಎಚ್ಚರ ಬೇಕು. ಗಂಡನನ್ನು ಕಳೆದುಕೊಂಡವರ ಮುಂದೆ, ಹೇಳೋಕೆ ನಾಚುವವರ ಮುಂದೆ ಮೈಕು ಹಿಡಿಯಬಾರದು. ಅದಕ್ಕೇ ಮನೆಯವರ ಕೈಯಲ್ಲೇ ಮೈಕು ಇರಲಿ ಅನ್ನೋದು. ಹಾಡು ಬರುವ ಅಜ್ಜಿಯರಿದ್ದರೆ ಎರಡು ಸೋಬಾನ ಪದ ಹೇಳಿಸಿ. ಬೇಡ ಬೇಡ ಅನ್ನುತ್ತಲೇ ಶುರು ಮಾಡುತ್ತಾರೆ, ನಿಲ್ಲಿಸೋದೇ ಕಷ್ಟ.

ವಾದ್ಯ ಬೇಕೇ ಬೇಕು ಅಂದರೆ ನಮ್ಮ ಕಡೆಯ ವಾದ್ಯಮೇಳ ಕರಡಿ ಮಜಲಿನವರನ್ನು ಕರೆಸಿ. ಅದನ್ನು ಗೇಟಿನ ಹೊರಗೆ, ಬೀಗರನ್ನು ಎದುರುಗೊಳ್ಳುವಾಗ ಇಟ್ಟುಕೊಳ್ಳಿ. ಒಳಗೆ ಬಾರಿಸಿದರೆ ಕಿವಿ ಹೋಗುತ್ತದೆ. ಊಟದ ಹೊತ್ತಿಗೆ ಶಹನಾಯಿಯಂಥ ಸನಾದಿ ಒಂದೇ ಸಾಕು, ಅದೂ ಮೈಕಿಲ್ಲದೆ. ಬೀಳಗಿಯ ಅಪ್ಪಣ್ಣನಂಥವರು ಸನಾದಿ ನುಡಿಸಿದ ಸೀಮೆ ನಮ್ಮದು. ವಾದ್ಯದವರ ಊಟ, ನೀರು, ಕೂರುವ ನೆರಳು ಯಾರು ನೋಡಬೇಕು ಅಂತ ಮೊದಲೇ ಗೊತ್ತು ಮಾಡಿ. ಕೊನೆಯ ಪಂಕ್ತಿಯವರೆಗೂ ಅವರನ್ನು ಯಾರೂ ಕರೆಯದೇ ಇದ್ದ ಮದುವೆಗಳು ಬೇಕಾದಷ್ಟಿವೆ.

ಇನ್ನೊಂದು, ದುಡ್ಡಿಲ್ಲದ ಉಪಾಯ. ಎರಡೂ ಮನೆಯ ಹಳೇ ಮದುವೆ ಫೋಟೊಗಳನ್ನು, ಅಜ್ಜ ಅಜ್ಜಿಯದು, ಅಪ್ಪ ಅಮ್ಮನದು, ಅತ್ತೆ ಮಾವನದು, ದೊಡ್ಡದು ಮಾಡಿಸಿ ಒಂದು ಗೋಡೆಗೆ ಹಚ್ಚಿ. ಊಟದ ಮನೆಗೆ ಹೋಗುವ ದಾರಿಯಲ್ಲಿ ಬೇಡ, ಸಾಲು ನಿಂತುಬಿಡುತ್ತದೆ. ವೇದಿಕೆಗೆ ಹೋಗುವ ಸಾಲಿನ ಪಕ್ಕದಲ್ಲಿ ಇರಲಿ. "ಇದ ಯಾರ ಹುಡುಗಿ?" "ನಾನ ಅಲ್ಲೇನ!" ಅಂತ ಮಾತು ಶುರುವಾದರೆ ಸಾಲು ಉದ್ದ ಅನ್ನಿಸೋದಿಲ್ಲ.

ಮೇ ಬಿಸಿಲು ಅನ್ನೋದನ್ನು ಮರೆಯಬೇಡಿ. ಎಲ್ಲಕ್ಕಿಂತ ಮೊದಲು ದುಡ್ಡು ಹಾಕಬೇಕಾದ್ದು ಇಲ್ಲಿ. ಬೆಲ್ಲದ ಪಾನಕ, ಮಸಾಲಿ ಮಜ್ಜಿಗೆ, ಇಂಡಿಯ ಲಿಂಬೆಹಣ್ಣಿನ ಶರಬತ್ತು, ಹೆಚ್ಚಿದ ಕಲ್ಲಂಗಡಿ. ಇವನ್ನು ಒಂದು ಮೂಲೆಯಲ್ಲಿ ಇಟ್ಟು ಬನ್ನಿ ಅನ್ನಬೇಡಿ, ತಟ್ಟೆಯಲ್ಲಿ ಹಿಡಿದು ಕುರ್ಚಿಗೇ ಒಯ್ದು ಕೊಡೋಕೆ ಆರು ಹುಡುಗರನ್ನು ನೇಮಿಸಿ. ಮೀನು, ಹಣ್ಣು ಕೆಡದಂತೆ ಇಡುವ ಐಸ್ ಗಡ್ಡೆಯನ್ನು ಪಾನಕಕ್ಕೆ ಹಾಕಲು ಬಿಡಬೇಡಿ. ಕುಡಿಯುವ ನೀರಿನಿಂದ ಮಾಡಿದ ಐಸ್ ಸಿಗದಿದ್ದರೆ ಮಣ್ಣಿನ ಹರವಿಯ ತಂಪೇ ಸಾಕು. ವೇದಿಕೆ ಮುಂದಿನ ಎರಡು ಸಾಲು ಕುರ್ಚಿ, ಕೂಲರಿನ ಗಾಳಿ ಬರುವ ಜಾಗ ವಯಸ್ಸಾದವರಿಗೆ. ಊಟಕ್ಕೂ ಮೊದಲ ಪಂಕ್ತಿ ಅವರದೇ. ಉಡುಗೊರೆ ಸಾಲಿನಲ್ಲಿ ಅವರನ್ನು ನಿಲ್ಲಿಸಬೇಡಿ, ಜೋಡಿಯೇ ಕೆಳಗಿಳಿದು ಬಂದು ಕಾಲಿಗೆ ನಮಸ್ಕಾರ ಮಾಡಲಿ. ಹತ್ತು ನಿಮಿಷದ ಕೆಲಸ, ನಿಮ್ಮಪ್ಪನ ಮಾರಿ ಅರಳುತ್ತದೆ.

ಮಕ್ಕಳಿಗೆ ಒಂದು ಚುರುಮುರಿ ಗಾಡಿ ನಿಲ್ಲಿಸಿದರೆ ಆಯಿತು.

ಕೊನೆಯದಾಗಿ ಮೈಕಿನ ಮಾತು. ಅಕ್ಷತೆ ಆದ ಕೂಡಲೇ ಸೋದರಮಾವ ಮೈಕು ಹಿಡಿದು ಇಷ್ಟು ಹೇಳಲಿ: "ಮೊದಲ ಪಂಕ್ತಿ ಹಿರಿಯರದು, ಎಲೆ ಹಾಕೇವಿ, ಬರ್ರಿ. ಸೊಲ್ಲಾಪುರದಿಂದ ಬಂದವರು ಎರಡನೇ ಪಂಕ್ತಿಗೆ. ವಧು ವರ 1:20ಕ್ಕ ವೇದಿಕಿ ಮ್ಯಾಲ ಇರ್ತಾರ, ನಾಲ್ಕರ ತನಕ ಎಲ್ಲೂ ಹೋಗೂದಿಲ್ಲ." ಕೊನೆಯ ಆ ಮಾತನ್ನು ಎರಡು ಸಲ ಹೇಳಲಿ. ಬಸ್ಸಿನವರು ಉಂಡು ಬಂದು 2:05ರಿಂದ ಸಾಲು ನಿಂತರೆ ಮೂರಕ್ಕೆಲ್ಲ ಅವರದು ಮುಗಿಯುತ್ತದೆ. ಆಮೇಲೆ ಎಲೆಅಡಿಕೆ ಹಾಕಿಕೊಂಡು ಕೂತು ನಿಮ್ಮಪ್ಪನ ಜೊತೆ ಹರಟೆ ಹೊಡೆಯೋಕೂ ಒಂದು ತಾಸು ಸಿಗುತ್ತದೆ. ಈ ವೇಳಾಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಅಡಿಗೆಯವರಿಗೆ, ಫೋಟೊದವರಿಗೆ, ಸೋದರಮಾವನಿಗೆ ಒಂದೊಂದು ಪ್ರತಿ ಕೊಡಿ. ಬಸ್ ಡ್ರೈವರಿಗೂ ಒಂದು ಕೊಡಿ. ಮೂರೂವರೆಗೇ ಹಾರ್ನ್ ಹೊಡೆಯೋಕೆ ಶುರು ಮಾಡುವವರು ಅವರೇ.